ಗಿಡ ತರುವ ಮುಂಚೆ ಬಿಸಿಲು ಅಳೆಯಿರಿ: ಬಾಲ್ಕನಿ, ತಾರಸಿ, ಹಿತ್ತಿಲಿಗೆ ಹಂತ ಹಂತದ ಮಾರ್ಗದರ್ಶಿ

ಜನವರಿಯಲ್ಲಿ ಲಾಲ್‌ಬಾಗ್ ಫ್ಲವರ್ ಶೋ ನೋಡಿ ಬರುವಾಗ ಕೈಯಲ್ಲೊಂದು ಗುಲಾಬಿ ಗಿಡ ಇರುತ್ತದೆ. ದಕ್ಷಿಣದ ಬಾಲ್ಕನಿಯಲ್ಲಿ ಒಳ್ಳೆ ಬಿಸಿಲು, ಅಲ್ಲೇ ಇಡುತ್ತೀರಿ. ಫೆಬ್ರವರಿಯಲ್ಲಿ ನಾಲ್ಕು ಹೂ ಬಿಡುತ್ತದೆ. ಮನೆಯವರೆಲ್ಲ ಫೋಟೋ ತೆಗೆಯುತ್ತಾರೆ. ಮೇ ಹೊತ್ತಿಗೆ ಮೊಗ್ಗು ನಿಲ್ಲುತ್ತದೆ. ಕಡ್ಡಿ ಸಪೂರವಾಗಿ ಉದ್ದ ಬೆಳೆಯುತ್ತದೆ, ಕೆಳಗಿನ ಎಲೆ ಉದುರುತ್ತದೆ. ಆಗ ಪ್ರಶ್ನೆ ಶುರು: ಯಾವ ಗೊಬ್ಬರ ಹಾಕಲಿ?

ಯಾವ ಗೊಬ್ಬರವೂ ಏನೂ ಮಾಡುವುದಿಲ್ಲ. ಏಪ್ರಿಲ್ ಕೊನೆಗೆ ಸೂರ್ಯ ಆ ಬಾಲ್ಕನಿ ಬಿಟ್ಟು ಮನೆಯ ಆಚೆ ಬದಿಗೆ ಹೋಗಿರುತ್ತಾನೆ. ಆಗಸ್ಟ್ ನಡುವಿನ ತನಕ ಈ ಕಡೆ ತಲೆ ಹಾಕುವುದಿಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಮೂರು ಸಲ. ನಾವು ಮೊದಲು ಗಿಡ ತರುತ್ತೇವೆ, ಆಮೇಲೆ ಅದಕ್ಕೆ ಜಾಗ ಹುಡುಕುತ್ತೇವೆ. ಸರಿಯಾದ ಕ್ರಮ ಇದರ ಉಲ್ಟಾ. ಮೊದಲು ಜಾಗಕ್ಕೆ ಎಷ್ಟು ಗಂಟೆ ಬಿಸಿಲು ಬೀಳುತ್ತದೆ ಅಂತ ಬರೆದುಕೊಳ್ಳಬೇಕು. ಅದು ಯಾವ ತಿಂಗಳಲ್ಲಿ ಬದಲಾಗುತ್ತದೆ ಅಂತ ತಿಳಿಯಬೇಕು. ನರ್ಸರಿಗೆ ಹೋಗುವುದು ಆಮೇಲೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಲೆಕ್ಕವೆಲ್ಲ ಬೆಂಗಳೂರಿನದು. ಮೈಸೂರು, ಮಂಗಳೂರು, ಹಾಸನಕ್ಕೂ ಹೆಚ್ಚುಕಡಿಮೆ ಅದೇ ನಡೆಯುತ್ತದೆ. ಉತ್ತರ ಕರ್ನಾಟಕದವರಿಗೆ ದಿನಾಂಕ ಬೇರೆ, ಅದನ್ನು ನಾಲ್ಕನೇ ಹಂತದಲ್ಲಿ ಹೇಳಿದ್ದೇನೆ.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್ಕು, ಪೆನ್ನು, ಎರಡು ಚಾಕ್‌ಪೀಸು, ಒಂದು ಬಿಳಿ ಹಾಳೆ, ಅಳತೆ ಟೇಪು, ಮೊಬೈಲು. ಇಷ್ಟೇ. ಕಡಿಮೆ ಬೆಲೆಗೆ ಸಿಗುವ "ತ್ರೀ ಇನ್ ಒನ್" ಮೀಟರು ಬೇಡ. ಮಣ್ಣಿಗೆ ಚುಚ್ಚುವ ಆ ಸಾಧನದಲ್ಲಿ ಬೆಳಕಿನ ಮುಳ್ಳು ಸುಮ್ನೆ ಅಲ್ಲಾಡುತ್ತದೆ, ಅದನ್ನು ನಂಬಿ ಏನೂ ಮಾಡಲಾಗುವುದಿಲ್ಲ.

ಮೊಬೈಲಿನಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಹಾಕಿಕೊಂಡರೆ ಮೂರನೇ ಹಂತದಲ್ಲಿ ಅನುಕೂಲ. ಇಲ್ಲದಿದ್ದರೂ ನಡೆಯುತ್ತದೆ.

1. ದಿಕ್ಕು ಖಚಿತ ಮಾಡಿಕೊಳ್ಳಿ

"ನಮ್ಮದು ಪೂರ್ವದ ಮನೆ, ವಾಸ್ತು ನೋಡಿಯೇ ತಗೊಂಡಿದ್ದು" ಅಂತ ಎಲ್ಲರೂ ಹೇಳುತ್ತಾರೆ. ಅದು ಬಾಗಿಲಿನ ಮಾತು. ನಿಮ್ಮ ಕುಂಡ ಇರುವ ಬಾಲ್ಕನಿ ಬೇರೆ ದಿಕ್ಕಿಗಿರಬಹುದು. ಇನ್ನು ರಸ್ತೆ ಓರೆಯಾಗಿರುವ ಬಡಾವಣೆಗಳಲ್ಲಿ "ಪೂರ್ವ" ಅನ್ನುವುದು ನಿಜವಾಗಿ ಆಗ್ನೇಯವೋ ಈಶಾನ್ಯವೋ ಆಗಿರುತ್ತದೆ. ಗಿಡದ ಲೆಕ್ಕಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ಮೊಬೈಲಿನ ದಿಕ್ಸೂಚಿ ತೆಗೆದು, ಬಾಲ್ಕನಿಯಿಂದ ಹೊರಗೆ ಮುಖ ಮಾಡಿ ನಿಂತು ನೋಡಿ. ಒಂದು ಎಚ್ಚರ: ಕಬ್ಬಿಣದ ಗ್ರಿಲ್ಲು, ವಾಷಿಂಗ್ ಮಷಿನ್ನು, ಕಾರಿನ ಹತ್ತಿರ ದಿಕ್ಸೂಚಿ ಸುಳ್ಳು ಹೇಳುತ್ತದೆ. ಮೂರು ಬೇರೆ ಜಾಗದಲ್ಲಿ ನಿಂತು ನೋಡಿ. ಮೂರೂ ಒಂದೇ ಹೇಳಿದರೆ ಬರೆದುಕೊಳ್ಳಿ. ಅನುಮಾನವಿದ್ದರೆ ಮ್ಯಾಪ್ ತೆರೆದು ಮನೆಯ ಗೋಡೆ ಯಾವ ಕಡೆ ತಿರುಗಿದೆ ನೋಡಿ. ಮ್ಯಾಪನ್ನು ತಿರುಗಿಸದಿದ್ದರೆ ಅಲ್ಲಿ ಮೇಲ್ಗಡೆ ಉತ್ತರ.

ಸೂರ್ಯ ಹುಟ್ಟುವ ಜಾಗ ನೋಡಿ ಪೂರ್ವ ಗುರುತಿಸಬೇಡಿ. ಜೂನ್‌ನಲ್ಲಿ ಅವನು ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ. ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ 21, ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಮಾತ್ರ.

2. ಒಂದು ಇಡೀ ದಿನ ಕೂತು ಲೆಕ್ಕ ಬರೆಯಿರಿ

ಭಾನುವಾರ ಆರಿಸಿಕೊಳ್ಳಿ, ಮೋಡ ಇರಬಾರದು. ಬೆಳಿಗ್ಗೆ 7ರಿಂದ ಸಂಜೆ 6ರ ತನಕ ಗಂಟೆಗೊಮ್ಮೆ ಹೋಗಿ ನೋಡಬೇಕು. ನೋಡಬೇಕಾದ್ದು ಬಾಲ್ಕನಿಯನ್ನಲ್ಲ, ಕುಂಡ ಇಡುವ ಆ ಒಂದು ಚದರಡಿ ಜಾಗವನ್ನು. ಪ್ರತಿ ಸಲವೂ ನೆಲದ ಮೇಲೆ ಬಿಸಿಲಿನ ಅಂಚಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಸಂಜೆಗೆ ನೆಲದ ಮೇಲೆ ನಿಮ್ಮ ಬಿಸಿಲಿನ ನಕ್ಷೆ ಸಿದ್ಧವಾಗಿರುತ್ತದೆ. ಒಂದು ಫೋಟೋ ತೆಗೆದಿಡಿ.

ಪುಸ್ತಕದಲ್ಲಿ ಮೂರೇ ಗುರುತು ಸಾಕು. ನೇರ ಬಿಸಿಲಿದ್ದರೆ ಒಂದು. ಗ್ರಿಲ್ಲಿನ ನಡುವೆಯೋ ಮರದ ಎಲೆಯ ನಡುವೆಯೋ ಚುಕ್ಕೆ ಚುಕ್ಕೆ ಬಿದ್ದರೆ ಅರ್ಧ. ನೆರಳಿದ್ದರೆ ಸೊನ್ನೆ. ಬೆಳಿಗ್ಗೆ 8ಕ್ಕೆ ಮುಂಚಿನ, ಸಂಜೆ 5ರ ನಂತರದ ಬಿಸಿಲನ್ನು ನಾನು ಅರ್ಧ ಅಂತಲೇ ಹಿಡಿಯುತ್ತೇನೆ. ಆ ಹೊತ್ತಿನ ಬಿಸಿಲಿಗೆ ಕಸುವು ಕಡಿಮೆ.

ಎದುರಿಗೆ ಮೂರು ಮಹಡಿ ಮನೆಯಿರುವ ಒಂದು ಪೂರ್ವದ ಬಾಲ್ಕನಿಯ ಲೆಕ್ಕ ಹೀಗಿತ್ತು:

7 ಗಂಟೆ: ಎದುರು ಮನೆಯ ನೆರಳು, 0
8 ಗಂಟೆ: ನೆರಳು, 0
9 ಗಂಟೆ: ಬಿಸಿಲು, 1
10 ಗಂಟೆ: ಬಿಸಿಲು, 1
11 ಗಂಟೆ: ಬಿಸಿಲು, 1
12 ಗಂಟೆ: ಗ್ರಿಲ್ಲಿನ ನೆರಳು, ಅರ್ಧ
1 ಗಂಟೆಯಿಂದ ಸಂಜೆಯ ತನಕ: ನೆರಳು, 0

ಒಟ್ಟು ಮೂರೂವರೆ ಗಂಟೆ. ಅಳೆಯುವ ಮುಂಚೆ ಆ ಮನೆಯವರು ಹೇಳುತ್ತಿದ್ದದ್ದು "ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಚೆನ್ನಾಗಿ ಬಿಸಿಲು ಬರುತ್ತೆ" ಅಂತ. ಆ ಮಾತು ನಂಬಿ ಟೊಮೆಟೊ ಹಾಕಿದ್ದರು. ಆಳೆತ್ತರ ಬೆಳೆದ ಗಿಡದಲ್ಲಿ ಕಾಯಿ ಮೂರು.

ಇಲ್ಲಿ ಇನ್ನೊಂದು ತಪ್ಪು ತುಂಬಾ ನಡೆಯುತ್ತದೆ. ನಾವು ನಿಂತು ನೋಡುತ್ತೇವೆ, ಗಿಡ ಕೂತಿರುತ್ತದೆ. ಬಾಲ್ಕನಿಗೆ ಮೂರಡಿಯ ಸಿಮೆಂಟ್ ಗೋಡೆ ಇದ್ದರೆ ನಿಮ್ಮ ಎದೆಯ ಎತ್ತರಕ್ಕೆ ಬಿಸಿಲು ಇರುತ್ತದೆ, ನೆಲದ ಮೇಲಿನ ಕುಂಡಕ್ಕೆ ಇರುವುದಿಲ್ಲ. ಹಾಗಾಗಿ ನೆಲದಲ್ಲಿ ಒಂದು, ಸ್ಟೂಲಿನ ಮೇಲೆ ಒಂದು, ಹೀಗೆ ಎರಡು ಲೆಕ್ಕ ಬರೆಯಿರಿ. ಎಷ್ಟೋ ಮನೆಯಲ್ಲಿ ಎರಡಡಿಯ ಕಬ್ಬಿಣದ ಸ್ಟ್ಯಾಂಡೇ ಗಿಡವನ್ನು ಉಳಿಸಿದೆ.

ನಡು ಹಗಲು ಅಂದರೆ 12 ಗಂಟೆ ಅಂದುಕೊಳ್ಳಬೇಡಿ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿದೆ. ಇಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಸರಾಸರಿ 12 ಗಂಟೆ 20 ನಿಮಿಷಕ್ಕೆ. ಮಂಗಳೂರಿನಲ್ಲಿ ಇನ್ನೂ ಹತ್ತು ನಿಮಿಷ ತಡ.

3. ಬಿಸಿಲಿನ ಗುಣ ನೋಡಿ

ಗಂಟೆ ಒಂದೇ ಸಾಲದು. ಬೆಳಿಗ್ಗೆಯ ನಾಲ್ಕು ಗಂಟೆಯೂ ಮಧ್ಯಾಹ್ನದ ನಾಲ್ಕು ಗಂಟೆಯೂ ಒಂದೇ ಅಲ್ಲ. ಬೆಳಕು ಹೆಚ್ಚುಕಡಿಮೆ ಒಂದೇ ಇದ್ದರೂ, ಮಧ್ಯಾಹ್ನದ ಹೊತ್ತಿಗೆ ಗಾಳಿ ಕಾದಿರುತ್ತದೆ, ಗೋಡೆ ಕಾದಿರುತ್ತದೆ, ಕುಂಡದ ಮಣ್ಣೂ ಕಾದಿರುತ್ತದೆ. ಪೂರ್ವದ ಬಾಲ್ಕನಿಯಲ್ಲಿ ನಗುತ್ತಿರುವ ಗಿಡ ಪಶ್ಚಿಮದ ಗೋಡೆಯ ಪಕ್ಕ ಬಾಡುವುದು ಈ ಕಾರಣಕ್ಕೆ. ಲೆಕ್ಕದ ಪಕ್ಕದಲ್ಲಿ "ಎಳೆಬಿಸಿಲು" ಅಥವಾ "ಇಳಿಬಿಸಿಲು" ಅಂತ ಬರೆದಿಡಿ.

ನೇರ ಬಿಸಿಲು ಬೀಳದ ಜಾಗಕ್ಕೆ ಕೈ ನೆರಳಿನ ಪರೀಕ್ಷೆ ಮಾಡಿ. ನಡು ಹಗಲಲ್ಲಿ ಬಿಳಿ ಹಾಳೆಯನ್ನು ಕುಂಡದ ಜಾಗದಲ್ಲಿಟ್ಟು, ಒಂದಡಿ ಮೇಲೆ ಕೈ ಹಿಡಿಯಿರಿ. ಬೆರಳು ಬೆರಳೂ ಕತ್ತರಿಸಿದ ಹಾಗೆ ಕಂಡರೆ ಬೆಳಕು ಜೋರಾಗಿದೆ. ಕೈ ಅಂತ ಗೊತ್ತಾಗುತ್ತದೆ ಆದರೆ ಅಂಚು ಮಸುಕು ಅಂದರೆ ಮಧ್ಯಮ. ಸುಮ್ನೆ ಒಂದು ಮಬ್ಬು ಕಲೆ ಕಂಡರೆ ಕಡಿಮೆ. ನೆರಳೇ ಕಾಣದಿದ್ದರೆ ಅಲ್ಲಿ ಗಿಡ ಬದುಕುವುದಿಲ್ಲ, ನಿಧಾನವಾಗಿ ಸಾಯುತ್ತದೆ ಅಷ್ಟೇ.

ಲಕ್ಸ್ ಆ್ಯಪ್ ಇದ್ದವರಿಗೆ ಅಂದಾಜು: ಮೋಡವಿಲ್ಲದ ನಡು ಹಗಲಲ್ಲಿ ಬಯಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಬಯಲಿನ ನೆರಳಲ್ಲಿ 10,000ದಿಂದ 20,000. ಮನೆಯೊಳಗೆ ಕಿಟಕಿ ಪಕ್ಕ ಕೆಲವು ಸಾವಿರ. ಹಾಲಿನ ಮೂಲೆಯಲ್ಲಿ ಕೆಲವು ನೂರು ಅಷ್ಟೇ. ಟಿವಿ ಪಕ್ಕದ ಮೂಲೆ ನಮ್ಮ ಕಣ್ಣಿಗೆ ಬೆಳ್ಳಗೇ ಕಾಣುತ್ತದೆ, ಯಾಕೆಂದರೆ ಕಣ್ಣು ಹೊಂದಿಕೊಳ್ಳುತ್ತದೆ. ಗಿಡಕ್ಕೆ ಆ ಉಪಾಯ ಇಲ್ಲ. ಮೊಬೈಲಿನ ಅಂಕಿ ನಿಖರವಲ್ಲ. ಎರಡು ಜಾಗಗಳನ್ನು ಹೋಲಿಸುವುದಕ್ಕೆ ಮಾತ್ರ ಬಳಸಿ.

4. ಆರು ತಿಂಗಳ ಮುಂದಿನ ಬಿಸಿಲು ತಿಳಿಯಿರಿ

ಜನ ಅತಿ ಹೆಚ್ಚು ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಯೂಟ್ಯೂಬ್‌ನಲ್ಲಿ ಅಮೆರಿಕದವರೋ ಇಂಗ್ಲೆಂಡಿನವರೋ "ದಕ್ಷಿಣದ ಕಿಟಕಿಯೇ ಬೆಸ್ಟ್" ಅನ್ನುತ್ತಾರೆ. ಅವರ ಊರಿನಲ್ಲಿ ಸೂರ್ಯ ವರ್ಷವಿಡೀ ನಡು ಹಗಲಲ್ಲಿ ದಕ್ಷಿಣಕ್ಕೇ ಇರುತ್ತಾನೆ, ಅವರ ಮಾತು ಅವರಿಗೆ ಸರಿ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ದಾಟುತ್ತಾನೆ: ಏಪ್ರಿಲ್ 24ರ ಆಸುಪಾಸಿನಲ್ಲಿ ಉತ್ತರಕ್ಕೆ, ಆಗಸ್ಟ್ 18ರ ಆಸುಪಾಸಿನಲ್ಲಿ ವಾಪಸ್ ದಕ್ಷಿಣಕ್ಕೆ. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದೇ. ಹುಬ್ಬಳ್ಳಿಯಲ್ಲಿ ಇದು ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರ. ಬೀದರಿನಲ್ಲಿ ಮೇ ನಡುವೆ ಮತ್ತು ಜುಲೈ ಕೊನೆ.

ಈ ಎರಡು ದಿನಾಂಕಗಳ ನಡುವೆ ನೇರ ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗೆ ಸೂರ್ಯನ ಒಂದು ಕಿರಣವೂ ನೇರವಾಗಿ ಬೀಳುವುದಿಲ್ಲ. ಬೆಳಿಗ್ಗೆಯೂ ಇಲ್ಲ, ಸಂಜೆಯೂ ಇಲ್ಲ. ಹಾಗೆಯೇ ಸೆಪ್ಟೆಂಬರ್ 23ರಿಂದ ಮಾರ್ಚ್ 21ರ ತನಕ ನೇರ ಉತ್ತರದ ಬಾಲ್ಕನಿಗೆ ಬಿಸಿಲು ಸೊನ್ನೆ.

ಒಂಬತ್ತಡಿ ಎತ್ತರದಲ್ಲಿ ಮೇಲಿನ ಮನೆಯ ಸ್ಲ್ಯಾಬ್ ಇರುವ ದಕ್ಷಿಣದ ಬಾಲ್ಕನಿ ತೆಗೆದುಕೊಳ್ಳಿ. ಡಿಸೆಂಬರ್ ಕೊನೆಯಲ್ಲಿ ನಡು ಹಗಲಿನ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಬಿಸಿಲು ಬಾಲ್ಕನಿಯ ಅಂಚಿನಿಂದ ಆರೂವರೆ ಅಡಿ ಒಳಗೆ ಬರುತ್ತದೆ, ಅಂದರೆ ಹಾಲಿನ ಬಾಗಿಲ ತನಕ. ಮಾರ್ಚ್ 21ಕ್ಕೆ ಅದೇ ಬಿಸಿಲು ಎರಡಡಿಗೆ ಬಂದು ನಿಲ್ಲುತ್ತದೆ. ಏಪ್ರಿಲ್ ಕೊನೆಗೆ ಮಾಯ. ಜನವರಿಯಲ್ಲಿ ತಂದ ಗುಲಾಬಿಯ ಕತೆ ಈಗ ಅರ್ಥವಾಯಿತಲ್ವಾ?

ಉತ್ತರದ ಬಾಲ್ಕನಿಯವರು ಖುಷಿಪಡುವುದಕ್ಕೆ ಮುಂಚೆ ಒಂದು ಮಾತು. ಜೂನ್‌ನಲ್ಲಿ ನಡು ಹಗಲಿನ ಸೂರ್ಯ ಉತ್ತರಕ್ಕಿದ್ದರೂ 80 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಬಿಸಿಲು ಒಳಗೆ ಬರುವುದು ಒಂದೂವರೆ ಅಡಿ ಅಷ್ಟೇ. ಬೆಳಿಗ್ಗೆ ಮತ್ತು ಸಂಜೆ ಓರೆಯಾಗಿ ಚೆನ್ನಾಗಿ ಬರುತ್ತದೆ. ಆದರೆ ಆ ಹೊತ್ತಿಗೆ ಮುಂಗಾರಿನ ಮೋಡ ಬಂದಿರುತ್ತದೆ. ಹಾಗಾಗಿ ಉತ್ತರದವರಿಗೆ ನಿಜವಾಗಿ ಕೈಗೆ ಸಿಗುವುದು ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದ ತನಕದ ಬಿಸಿಲು. ಅಷ್ಟರಲ್ಲಿ ಸೊಪ್ಪು ಎರಡು ಕೊಯ್ಲು ತೆಗೆಯಬಹುದು, ಹಣ್ಣಿನ ಗಿಡದ ಆಸೆ ಬೇಡ.

ತಾರಸಿಯವರಿಗೆ ಲೆಕ್ಕ ಸುಲಭ. ಮೆಟ್ಟಿಲಿನ ರೂಮೋ ನೀರಿನ ಟ್ಯಾಂಕಿನ ಕಟ್ಟೆಯೋ ಹತ್ತಡಿ ಎತ್ತರ ಇದೆ ಅಂದುಕೊಳ್ಳಿ. ಡಿಸೆಂಬರ್ ನಡು ಹಗಲಲ್ಲಿ ಅದರ ನೆರಳು ಉತ್ತರಕ್ಕೆ ಏಳೂವರೆ ಅಡಿ. ಜೂನ್‌ನಲ್ಲಿ ದಕ್ಷಿಣಕ್ಕೆ ಎರಡಡಿಗಿಂತ ಕಡಿಮೆ. ಆದ್ದರಿಂದ ಚಳಿಗಾಲದ ತರಕಾರಿ ಕುಂಡಗಳನ್ನು ಆ ಗೋಡೆಯ ಉತ್ತರಕ್ಕೆ ಇಡಬೇಡಿ. ಬೇಸಿಗೆಯಲ್ಲಿ ನೆರಳು ಬೇಕಾದ ಗಿಡಗಳಿಗೆ ಅದೇ ಗೋಡೆ ನಂಬಿ ಕೂರಬೇಡಿ, ನಡು ಹಗಲಲ್ಲಿ ಅದು ನೆರಳು ಕೊಡುವುದಿಲ್ಲ.

ಪೂರ್ವ, ಪಶ್ಚಿಮದ ಬಾಲ್ಕನಿಗಳಲ್ಲಿ ವರ್ಷವಿಡೀ ಅಷ್ಟು ದೊಡ್ಡ ಬದಲಾವಣೆ ಇರುವುದಿಲ್ಲ. ಮನೆ ಹುಡುಕುತ್ತಿರುವ ಗಿಡಪ್ರಿಯರು ನನ್ನನ್ನು ಕೇಳಿದರೆ ಪೂರ್ವವನ್ನೇ ಹೇಳುತ್ತೇನೆ.

ಆರು ತಿಂಗಳು ಕಾಯದೆ ಇದನ್ನು ತಿಳಿಯಲು ಎರಡು ದಾರಿ. ಸೂರ್ಯನ ದಾರಿಯನ್ನು ಕ್ಯಾಮೆರಾದಲ್ಲಿ ಗೆರೆ ಎಳೆದು ತೋರಿಸುವ ಆ್ಯಪ್‌ಗಳಿವೆ. ಬೇಕಾದ ತಿಂಗಳು ಹಾಕಿ, ಕುಂಡದ ಎತ್ತರದಲ್ಲಿ ಮೊಬೈಲ್ ಹಿಡಿದು ನೋಡಿ. ಗೆರೆ ಯಾವ ಕಟ್ಟಡದ ಹಿಂದೆ ಹೋಗುತ್ತದೋ ಆ ಹೊತ್ತು ನೆರಳು.

ಎರಡನೆಯದು ನನಗೆ ತುಂಬಾ ಇಷ್ಟವಾದದ್ದು: ಹುಣ್ಣಿಮೆಯ ಚಂದ್ರ. ಹುಣ್ಣಿಮೆಯಲ್ಲಿ ಚಂದ್ರ ಸೂರ್ಯನಿಗೆ ಎದುರಾಗಿರುತ್ತಾನೆ. ಹಾಗಾಗಿ ಡಿಸೆಂಬರ್ ಹೊತ್ತಿನ ಹೊಸ್ತಿಲ ಹುಣ್ಣಿಮೆಯ ಚಂದ್ರ ಹೆಚ್ಚುಕಡಿಮೆ ಜೂನ್ ಸೂರ್ಯನ ದಾರಿಯಲ್ಲೇ ಹೋಗುತ್ತಾನೆ. ಜೂನ್ ಹೊತ್ತಿನ ಕಾರ ಹುಣ್ಣಿಮೆಯ ಚಂದ್ರ, ಮೋಡ ಬಿಟ್ಟರೆ, ಡಿಸೆಂಬರ್ ಸೂರ್ಯನ ದಾರಿ ತೋರಿಸುತ್ತಾನೆ. ಐದು ಡಿಗ್ರಿಯಷ್ಟು ಆಚೀಚೆ ಆಗಬಹುದು, ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ. ಆ ರಾತ್ರಿ 10 ಗಂಟೆಗೊಮ್ಮೆ, 12ಕ್ಕೊಮ್ಮೆ ಕುಂಡದ ಜಾಗದಲ್ಲಿ ತಲೆ ಬಗ್ಗಿಸಿ ನೋಡಿ. ಅಲ್ಲಿಂದ ಚಂದ್ರ ಕಂಡರೆ, ಆರು ತಿಂಗಳ ಆಚೆ ಅದೇ ಹಗಲಿನ ಹೊತ್ತಿಗೆ ಅಲ್ಲಿ ಬಿಸಿಲಿರುತ್ತದೆ. ಸೂರ್ಯನನ್ನು ಮಾತ್ರ ಹೀಗೆ ಬರಿಗಣ್ಣಿನಲ್ಲಿ ನೋಡಬೇಡಿ.

5. ಈಗ ಗಿಡ ಆರಿಸಿ

ನಿಮ್ಮ ಪುಸ್ತಕದಲ್ಲಿ ಎರಡು ಅಂಕಿ ಇರಬೇಕು: ಚಳಿಗಾಲದ ಗಂಟೆ, ಬೇಸಿಗೆಯ ಗಂಟೆ. ವರ್ಷಗಟ್ಟಲೆ ಅಲ್ಲೇ ಇರುವ ಗಿಡಕ್ಕೆ ಇವೆರಡರಲ್ಲಿ ಚಿಕ್ಕದನ್ನು ಹಿಡಿಯಿರಿ. ಮೂರು ತಿಂಗಳಿಗೆ ಮುಗಿಯುವ ತರಕಾರಿಗೆ ಆ ತಿಂಗಳುಗಳ ಅಂಕಿ ಸಾಕು.

*ಆರು ಗಂಟೆ ಅಥವಾ ಜಾಸ್ತಿ.* ಹೂ ಬಿಟ್ಟು ಕಾಯಿ ಕಟ್ಟುವ ಎಲ್ಲವೂ ಇಲ್ಲಿಗೆ: ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ, ಹೀರೆ, ಹಾಗಲ, ಸೋರೆ, ನಿಂಬೆ. ಗುಲಾಬಿ, ದಾಸವಾಳ, ಮಲ್ಲಿಗೆ, ಸೇವಂತಿಗೆ, ಚೆಂಡುಹೂ, ಕಾಗದದ ಹೂ ಕೂಡ. ಕರಿಬೇವು ಕಡಿಮೆ ಬಿಸಿಲಲ್ಲೂ ಸಾಯುವುದಿಲ್ಲ, ಆದರೆ ಒಗ್ಗರಣೆಗೆ ಸಾಲುವಷ್ಟು ಎಲೆ ಬರಬೇಕಾದರೆ ಬಿಸಿಲು ಬೇಕು.

*ಮೂರರಿಂದ ಆರು ಗಂಟೆ.* ಎಲೆ ತಿನ್ನುವ ಗಿಡಗಳ ಜಾಗ ಇದು. ಮೆಂತ್ಯ, ಪಾಲಕ್, ಕೊತ್ತಂಬರಿ, ಪುದೀನ, ದೊಡ್ಡಪತ್ರೆ, ಬಸಳೆ. ಬೇಸಿಗೆಯಲ್ಲಿ ಕೊತ್ತಂಬರಿ ಬೇಗ ಹೂವಿಗೆ ಬಂದು ಕೆಡುವ ಮನೆಗಳಲ್ಲಿ ಅದನ್ನು ಮೂರು ಗಂಟೆ ಎಳೆಬಿಸಿಲಿನ ಜಾಗಕ್ಕೆ ತನ್ನಿ. ಶುಂಠಿ, ಅರಿಶಿನ, ಕನಕಾಂಬರ, ಗೌರಿಹೂವಿಗೂ ಇಷ್ಟು ನಡೆಯುತ್ತದೆ. ತುಳಸಿಗೆ ನಾಲ್ಕೈದು ಗಂಟೆ ಇರಲಿ. ದೇವರ ಮನೆಯ ಪಕ್ಕದ ಕತ್ತಲೆ ಮೂಲೆಯಲ್ಲಿ ತುಳಸಿ ಇಟ್ಟು ಪದೇ ಪದೇ ಹೊಸದು ತರುವವರು ತುಂಬಾ ಜನ. ಮೂಲಂಗಿ, ಕ್ಯಾರೆಟ್ಟಿಗೆ ಐದು ಗಂಟೆಗಿಂತ ಕಡಿಮೆಯಾದರೆ ಮೇಲೆ ಸೊಪ್ಪು, ಕೆಳಗೆ ದಾರದಂಥ ಬೇರು.

*ಮೂರು ಗಂಟೆಗಿಂತ ಕಡಿಮೆ, ಆದರೆ ಬೆಳಕು ಚೆನ್ನಾಗಿರುವ ಜಾಗ.* ವೀಳ್ಯದೆಲೆ, ಕಾಳುಮೆಣಸು, ಆಂಥೂರಿಯಂ, ಜರಿಗಿಡ, ಬಿಗೋನಿಯಾ, ಮನಿ ಪ್ಲಾಂಟ್, ಬ್ರಹ್ಮಕಮಲ. ರಾತ್ರಿ ಅರಳುವ ಆ ಬ್ರಹ್ಮಕಮಲವನ್ನು "ಹೂ ಬೇಕು" ಅಂತ ತಾರಸಿಯ ಬಿಸಿಲಿಗೆ ಒಯ್ಯಬೇಡಿ, ಎಲೆ ಹಳದಿಯಾಗಿ ಸುಟ್ಟುಹೋಗುತ್ತದೆ.

ನರ್ಸರಿಯಲ್ಲಿ "ಇದು ಇಂಡೋರಾ ಔಟ್‌ಡೋರಾ?" ಅಂತ ಕೇಳುವುದನ್ನು ಬಿಡಿ. "ಇದಕ್ಕೆ ದಿನಕ್ಕೆ ಎಷ್ಟು ಗಂಟೆ ಬಿಸಿಲು ಬೇಕಣ್ಣ? ನಮ್ಮಲ್ಲಿ ಬೆಳಿಗ್ಗೆ ಮೂರೂವರೆ ಗಂಟೆ ಇದೆ" ಅನ್ನಿ. ಪ್ರಶ್ನೆ ಇಷ್ಟು ಸ್ಪಷ್ಟವಾಗಿದ್ದರೆ ಮಾರುವವರೂ ಯೋಚಿಸಿ ಹೇಳುತ್ತಾರೆ.

6. ಹೊಸ ಗಿಡವನ್ನು ಬಿಸಿಲಿಗೆ ಪಳಗಿಸಿ

ನರ್ಸರಿಯ ಗಿಡ ಹಸಿರು ಶೇಡ್ ನೆಟ್ಟಿನ ಕೆಳಗೆ ಬೆಳೆದಿರುತ್ತದೆ. ಅದರ ಎಲೆ ಆ ಬೆಳಕಿಗೆ ತಕ್ಕ ಹಾಗೆ ತೆಳ್ಳಗೆ ಇರುತ್ತದೆ. ತಂದ ದಿನವೇ ತಾರಸಿಯ ನಡುವೆ ಇಟ್ಟರೆ ಎರಡು ದಿನದಲ್ಲಿ ಎಲೆಯ ಮೇಲೆ ಬಿಳಿ ಕಾಗದದಂಥ ಕಲೆ ಬರುತ್ತದೆ. ಬಿಸಿಲು ಬೇಕಾದ ಗಿಡಕ್ಕೂ ಹೀಗೇ ಆಗುತ್ತದೆ.

ಮೊದಲ ಮೂರು ದಿನ ಬೆಳಕಿರುವ ನೆರಳಿನಲ್ಲಿಡಿ, ಕುಂಡ ಬದಲಿಸಬೇಡಿ. ನಾಲ್ಕರಿಂದ ಆರನೇ ದಿನದ ತನಕ ಬೆಳಿಗ್ಗೆ 10ರ ಒಳಗಿನ ಬಿಸಿಲು ಮಾತ್ರ. ಆಮೇಲೆ ದಿನಕ್ಕೆ ಒಂದೊಂದು ಗಂಟೆ ಜಾಸ್ತಿ ಮಾಡುತ್ತಾ ಹತ್ತು ಹನ್ನೆರಡು ದಿನಕ್ಕೆ ಅದರ ಕಾಯಂ ಜಾಗಕ್ಕೆ ತನ್ನಿ. ಸಂಜೆಯ ಹೊತ್ತು ಸ್ಥಳಾಂತರ ಮಾಡಿ.

ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ಬಿಸಿಲು ದಿಢೀರ್ ಅಂತ ಬಿದ್ದಾಗ ಮನೆಯ ಹಳೇ ಗಿಡಗಳೂ ಸುಡುತ್ತವೆ. ತಿಂಗಳುಗಟ್ಟಲೆ ಮೋಡದಲ್ಲಿ ಬಂದ ಎಲೆ ಅಲ್ವಾ? ಮಲೆನಾಡು, ಕರಾವಳಿಯವರಿಗೆ ಇದು ಇನ್ನೂ ಜಾಸ್ತಿ. ಆ ಒಂದು ವಾರ ಮಧ್ಯಾಹ್ನ ಹಳೇ ಪಂಚೆ ಅಡ್ಡ ಕಟ್ಟಿದರೂ ಸಾಕು.

7. ಗಿಡ ಕೊಡುವ ಸೂಚನೆ ಓದಿ

*ಬಿಸಿಲು ಸಾಲದಿದ್ದಾಗ:* ಗಿಣ್ಣು ಗಿಣ್ಣಿನ ನಡುವೆ ಅಂತರ ಹೆಚ್ಚುತ್ತದೆ. ಗಿಡ ಒಂದೇ ಕಡೆ ವಾಲುತ್ತದೆ. ಹೊಸ ಎಲೆ ಚಿಕ್ಕದಾಗಿ, ಬಿಳಿಚಿಕೊಂಡು ಬರುತ್ತದೆ. ಎರಡು ಬಣ್ಣದ ಮನಿ ಪ್ಲಾಂಟ್ ಪೂರ್ತಿ ಹಸಿರಾಗುತ್ತದೆ. ಮೊಗ್ಗು ಬರುವುದಿಲ್ಲ, ಬಂದರೂ ಉದುರುತ್ತದೆ. ಇನ್ನೊಂದು ಸೂಚನೆ ಯಾರೂ ಗಮನಿಸುವುದಿಲ್ಲ: ಕುಂಡದ ಮಣ್ಣು ನಾಲ್ಕೈದು ದಿನವಾದರೂ ಒಣಗುವುದೇ ಇಲ್ಲ. ಬೆಳಕಿಲ್ಲದ ಗಿಡ ನೀರು ಕುಡಿಯುವುದೂ ಕಡಿಮೆ. ನಾವು ರೂಢಿಯಂತೆ ದಿನಾ ಒಂದು ಚೊಂಬು ಹಾಕುತ್ತೇವೆ, ಬೇರು ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ. ಹಳದಿ ನೋಡಿ ಗೊಬ್ಬರ ಹಾಕುತ್ತೇವೆ. ಅಲ್ಲಿಗೆ ಮುಗಿಯಿತು. ಬೆರಳನ್ನು ಒಂದು ಇಂಚು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕಿ.

*ಬಿಸಿಲು ಹೆಚ್ಚಾದಾಗ:* ಸೂರ್ಯನ ಕಡೆಗಿರುವ ಎಲೆಗಳ ಮೇಲೆ ಮಾತ್ರ ಬಿಳಿ ಅಥವಾ ಕಂದು ಒಣ ಕಲೆ. ಎಲೆಯ ಅಂಚು ಗರಿಗರಿ. ಟೊಮೆಟೊ, ದಪ್ಪ ಮೆಣಸಿನಕಾಯಿಯ ಮೇಲೆ ಒಂದೇ ಬದಿಯಲ್ಲಿ ಬೆಳ್ಳಗಿನ ಮೆತ್ತನೆಯ ಗಾಯ. ಕಲೆ ಎಲ್ಲ ಎಲೆಯ ಮೇಲೂ, ನೆರಳಿನ ಬದಿಯಲ್ಲೂ ಇದ್ದರೆ ಅದು ಬಿಸಿಲಿನದಲ್ಲ, ರೋಗವೋ ಹುಳುವೋ ನೋಡಿ.

ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಜಾಗ ಬದಲಿಸಿದ ಮೇಲೆ ಹೊಸ ಎಲೆ ಹೇಗಿದೆ ಅಂತ ನೋಡಿ ತೀರ್ಮಾನಿಸಿ. ಅದಕ್ಕೆ ಮೂರು ವಾರ ಬೇಕು. ಎರಡು ದಿನಕ್ಕೊಂದು ಜಾಗ ಬದಲಿಸುವವರ ಗಿಡ ಎಲ್ಲೂ ನೆಲೆಯಾಗುವುದಿಲ್ಲ.

ಮಧ್ಯಾಹ್ನ ಎಲೆ ಜೋತು ಬಿದ್ದು ಸಂಜೆಗೆ ತಾನೇ ಎದ್ದರೆ ಗಾಬರಿ ಬೇಡ. ಕುಂಬಳ, ಸೋರೆಯಂಥ ಅಗಲ ಎಲೆಯವು ದಿನಾ ಹಾಗೆ ಮಾಡುತ್ತವೆ. ಬೆಳಿಗ್ಗೆ ಏಳು ಗಂಟೆಗೂ ಜೋತೇ ಇದ್ದರೆ ಆಗ ಚಿಂತೆ ಮಾಡಿ.

8. ಇರುವ ಬಿಸಿಲನ್ನು ಹಿಗ್ಗಿಸುವುದು, ತಗ್ಗಿಸುವುದು

ಕಡಿಮೆ ಇದ್ದರೆ ಮೊದಲು ಎತ್ತರ ಬದಲಿಸಿ. ಸ್ಟ್ಯಾಂಡ್ ಹಾಕಿ ಅಥವಾ ಗ್ರಿಲ್ಲಿಗೆ ತೂಗುಹಾಕಿ. ತೂಗುಹಾಕುವ ಕುಂಡ ಗ್ರಿಲ್ಲಿನ ಒಳಬದಿಗೇ ಇರಲಿ, ಹೊರಗಿದ್ದರೆ ಗಾಳಿಗೆ ಕೆಳಗೆ ಹೋಗುವವರ ತಲೆ ಮೇಲೆ ಬೀಳುತ್ತದೆ. ಹಿಂದಿನ ಗೋಡೆಗೆ ಬಿಳಿ ಸುಣ್ಣ ಹೊಡೆದರೆ ಬೆಳಕು ತಿರುಗಿ ಗಿಡಕ್ಕೆ ಬೀಳುತ್ತದೆ. ಸೊಳ್ಳೆ ಪರದೆಯ ಧೂಳು ಒರೆಸಿ. ಎಲೆಯ ಮೇಲಿನ ಧೂಳನ್ನೂ ಒರೆಸಿ, ರಸ್ತೆ ಬದಿಯ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ವಾಲುವ ಗಿಡವನ್ನು ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ. ಚಕ್ರದ ಹಲಗೆಯ ಮೇಲೆ ಕುಂಡ ಇಟ್ಟರೆ ದಕ್ಷಿಣದಿಂದ ಉತ್ತರಕ್ಕೆ ವರ್ಷಕ್ಕೆರಡು ಸಲ ಸಾಗಿಸುವುದೂ ಸುಲಭ. ಮನೆಯೊಳಗಿನ ಮಾಮೂಲಿ ಬಲ್ಬಿನಿಂದ ಕಾಯಿ ಬಿಡಿಸುವ ಆಸೆ ಬೇಡ.

ಜಾಸ್ತಿ ಇದ್ದರೆ ಶೇಡ್ ನೆಟ್. ಅಂಗಡಿಯಲ್ಲಿ 35, 50, 75, 90 ಪರ್ಸೆಂಟ್ ಅಂತ ಸಿಗುತ್ತದೆ. ಆ ಅಂಕಿ ನೆರಳಿನದು, ಬೆಳಕಿನದಲ್ಲ. 75ರ ನೆಟ್ ತಂದು ಟೊಮೆಟೊ ಮೇಲೆ ಕಟ್ಟಿದರೆ ಕಾಲು ಭಾಗ ಬೆಳಕು ಮಾತ್ರ ಕೆಳಗೆ ಬರುತ್ತದೆ. ತರಕಾರಿಗೆ 35 ಅಥವಾ 50 ಸಾಕು. ಅದೂ ಮಾರ್ಚ್‌ನಿಂದ ಮೇ ತನಕ. ಮಳೆ ಶುರುವಾದ ತಕ್ಷಣ ಬಿಚ್ಚಿ ಮಡಚಿಡಿ. ಗಿಡದ ತುದಿಯಿಂದ ಎರಡು ಮೂರಡಿ ಮೇಲೆ ಕಟ್ಟಿ, ಗಾಳಿ ಆಡಬೇಕು. ಪಶ್ಚಿಮದ ಬಿಸಿಲೊಂದೇ ತೊಂದರೆಯಾಗಿದ್ದರೆ ಮೇಲೆ ಬೇಡ, ಪಶ್ಚಿಮದ ಬದಿಗೆ ಪರದೆಯಂತೆ ಇಳಿಬಿಡಿ. ಕಪ್ಪು ಕುಂಡಗಳನ್ನು ಬಿಳಿ ಗೋಣಿಯಲ್ಲಿ ಸುತ್ತಿದರೆ ಬೇರಿಗೆ ಕಾವು ತಟ್ಟುವುದು ಕಡಿಮೆ.

9. ರಾತ್ರಿಯ ಬೆಳಕನ್ನೂ ನೋಡಿ

ಹಗಲು ಆರು ಗಂಟೆ ಬಿಸಿಲಿದ್ದರೂ ಸೇವಂತಿಗೆ ಮೊಗ್ಗು ಕಟ್ಟುವುದಿಲ್ಲ ಅನ್ನುವವರು ಒಮ್ಮೆ ರಾತ್ರಿ 9ಕ್ಕೆ ಹೋಗಿ ನೋಡಿ. ಬೀದಿದೀಪವೋ ಗೇಟಿನ ಎಲ್‌ಇಡಿಯೋ ನೇರ ಗಿಡದ ಮೇಲೆ ಬೀಳುತ್ತಿರುತ್ತದೆ. ಸೇವಂತಿಗೆ ಮೊಗ್ಗು ಬರಬೇಕಾದರೆ ಉದ್ದದ ಕತ್ತಲು ಬೇಕು, ರಾತ್ರಿ ಬೆಳಕು ಬಿದ್ದರೆ ಅದು ಬರೀ ಎಲೆ ಬಿಡುತ್ತಾ ಹೋಗುತ್ತದೆ. ಹೂ ಬೆಳೆಯುವ ರೈತರು ರಾತ್ರಿ ಹೊಲದಲ್ಲಿ ಸಾಲು ಸಾಲು ಬಲ್ಬು ಉರಿಸುವುದು ಇದೇ ಕಾರಣಕ್ಕೆ. ಹೂವನ್ನು ಬೇಕಾದ ದಿನಕ್ಕೆ ತಡೆದಿಡುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಕೆಂಪಾಗುವ ಪಾಯಿನ್‌ಸೆಟಿಯಾ ಕೂಡ ಇದೇ ಜಾತಕದ್ದು.

ಕುಂಡವನ್ನು ಮೋಟುಗೋಡೆಯ ಮರೆಗೆ ಎರಡಡಿ ಸರಿಸಿ. ಸರಿಸಲು ಆಗದಿದ್ದರೆ ಸೆಪ್ಟೆಂಬರ್ ಕೊನೆಯಿಂದ ಮೊಗ್ಗು ಕಾಣುವ ತನಕ ಸಂಜೆ 6ಕ್ಕೆ ರಟ್ಟಿನ ಡಬ್ಬಿ ಮುಚ್ಚಿ, ಬೆಳಿಗ್ಗೆ 7ಕ್ಕೆ ತೆಗೆಯಿರಿ. ಒಂದು ದಿನ ತೆಗೆಯಲು ಮರೆತರೂ ಗಿಡ ಒಳಗೇ ಬೆಂದುಹೋಗುತ್ತದೆ, ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.